ಗೌರಾಬಾಯಿ, ನಿಂಬರ್ಗಾ

೪-೮-೧೯೮೬, ಮಧ್ಯಾಹ್ನ

ಬಾಗಿಲು ನಲವತ್ತೊಂದು. ಕಿಟಕಿ ಎಣಿಸುವುದು ಬಾಕಿ. ಕೆಡವುವ ಮೊದಲು ಸಾಹೇಬರಿಗೆ ಲಿಸ್ಟ್ ಬೇಕಂತೆ. ಜೇವರ್ಗಿ ಆಫೀಸಿನಲ್ಲಿ ಅಷ್ಟು ಗುಮಾಸ್ತರಿದ್ದಾರೆ, ಅಂದೋಲಾ ದಾರಿಯ ಈ ಮುಚ್ಚಿದ ಹುಚ್ಚಾಸ್ಪತ್ರೆ ನನ್ನ ಪಾಲಿಗೇ ಬರಬೇಕೆ? ಹಣೆಬರಹ.

ಹತ್ತೊಂಬತ್ತು ವರ್ಷದ ಹಿಂದೆ ಅಪ್ಪನ ಜೊತೆ ಇದೇ ಗೇಟಿನಲ್ಲಿ ನಿಂತಿದ್ದೆ. ಅಕ್ಕನನ್ನು ಇಲ್ಲಿ ಸೇರಿಸಿದ್ದೇವೆ ಎಂದಿದ್ದರು ನಿಂಬರ್ಗಾದ ಬೀಗರು. ಸಾಬವ್ವ ಎಂಬವರು ಯಾರೂ ಇಲ್ಲ ಎಂದು ಇಲ್ಲಿಯವರು ಕಳಿಸಿಬಿಟ್ಟರು. ಬೀಗರೇ ಸುಳ್ಳರು ಎಂದುಕೊಂಡೆವು. ಅಪ್ಪ ಸಾಯುವವರೆಗೂ ಅವರನ್ನು ಬೈದ.

೫-೮

ರೆಕಾರ್ಡ್ ರೂಮಿನಲ್ಲಿ ಗೆದ್ದಲು ತಿಂದ ರಿಜಿಸ್ಟರು. ಎರಡು ಸಲ ನೋಡಿದೆ. ಸಾಬವ್ವ ಇಲ್ಲ.

ಚಾಂದಪಾಶಾ ಇಲ್ಲಿಯ ಹಳೇ ವಾಚ್‌ಮನ್. ಯಾರನ್ನು ಹುಡುಕುತ್ತಿದ್ದೇನೆಂದು ಹೇಳಿದೆ. ಬೀಡಿ ಹಚ್ಚುತ್ತ ಕೇಳಿದ: "ಗಂಡನ ಮನಿ ಹೆಸರು ಏನಿತ್ರಿ ಸಾಹೇಬ್ರ? ಹೆಣ್ಮಕ್ಕಳನ್ನ ಆ ಹೆಸರಿಲೆ ಬರ್ಕೋತಿದ್ರು."

ಗೌರಾಬಾಯಿ... ಮದುವೆಯಲ್ಲಿ ಬೀಗರು ಇಟ್ಟ ಹೆಸರು. ಮಗಳ ಹೆಸರು ಅಳಿಸಿದರೆಂದು ಅಪ್ಪನಿಗೆ ಸಿಟ್ಟು, ಮನೆಯಲ್ಲಿ ಯಾರೂ ಅದನ್ನು ಬಾಯಿಗೆ ತರುವಂತಿರಲಿಲ್ಲ. ಆದರೆ ನನಗೆ ಗೊತ್ತಿತ್ತಲ್ಲ. ಗೇಟಿನಲ್ಲಿ ನಾಲಿಗೆ ತುದಿಗೆ ಬಂದಿತ್ತು. ಅಪ್ಪನ ಮುಖ ನೋಡಿ ನುಂಗಿಕೊಂಡೆ.

ರಿಜಿಸ್ಟರು ಮತ್ತೆ ತೆರೆಯಲಿಲ್ಲ. ಧೈರ್ಯ ಬರಲಿಲ್ಲ.

೭-೮

ನಿನ್ನೆ ಜ್ವರವೆಂದು ರಜೆ ಚೀಟಿ ಕಳಿಸಿದೆ. ಜ್ವರ ಇರಲಿಲ್ಲ.

ಇವತ್ತು ರಿಜಿಸ್ಟರಿನಲ್ಲಿ ಸಿಕ್ಕಳು. ಗೌರಾಬಾಯಿ, ನಿಂಬರ್ಗಾ. ಗುರುತು: ಎಡಗೈ ಮೇಲೆ ಹಚ್ಚೆ, "ಧರ್ಮಣ್ಣ".

ನನ್ನ ಹೆಸರು. ಆಸ್ಪತ್ರೆಯವರು ಅದನ್ನು ಗಂಡನದೆಂದು ತಿಳಿದಿದ್ದಾರೆ. ನಿಂಬರ್ಗಾದ ಧರ್ಮಣ್ಣನಿಗೆ ಮೂರು ಕಾಗದ ಬರೆದಿದ್ದಾರೆ. ಅಂಥವರು ಊರಲ್ಲಿಲ್ಲ ಎಂದು ಮೂರೂ ವಾಪಸ್. ಕೊನೆಯ ಸಾಲು: ೧೯೭೯, ತೀರಿಕೊಂಡಳು.

"ಮಾತು ಬಿಟ್ಟಿದ್ಲ್ರಿ," ಅಂದ ಚಾಂದಪಾಶಾ. "ಗೇಟಿಗೆ ಯಾರರೆ ಬಂದ್ರ ಎಡಗೈ ತೋರಸ್ತಿದ್ಲು."

ಹಿಂದಿನ ಹುಣಸೆಮರದ ಕಡೆ ಕರೆದೊಯ್ದ. ಹುಲ್ಲು, ಅಲ್ಲಲ್ಲಿ ಮಣ್ಣಿನ ದಿಬ್ಬ. ಯಾವುದು ಎಂದು ಕೇಳಿದೆ. ಕಲ್ಲು ಇಟ್ಟಿಲ್ಲ, ಹೇಗೆ ಹೇಳಲಿ ಎಂದ. ಬಹಳ ಹೊತ್ತು ಅತ್ತೆ. ಆಮೇಲೆ ಲಿಸ್ಟಿನಲ್ಲಿ ಬರೆದೆ — ಕಟ್ಟಡದ ಹಿಂದೆ ಖುಲ್ಲಾ ಜಾಗ. ಬೇರೆ ಕಾಲಮ್ ಇರಲಿಲ್ಲ.

೯-೮, ಪಂಚಮಿ

ಅವ್ವ ಉಂಡಿ ಕಟ್ಟಿದ್ದಾಳೆ. ಪ್ರತಿ ವರ್ಷದಂತೆ ಐದು ಬೇರೆ ಡಬ್ಬಿಗೆ, ಅಕ್ಕನ ಪಾಲು. ಡಬ್ಬಿ ನನ್ನ ಕೈಗಿಟ್ಟಳು. "ಡ್ಯೂಟಿ ಮ್ಯಾಲೆ ಊರೂರು ತಿರಗ್ತಿ. ಎಲ್ಲರೆ ಕಂಡ್ರ ಕೊಡಪಾ."

ಹೂಂ ಅಂದೆ. ಹೊರಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಹೇಳಲೇಬೇಕು. ಅವ್ವ, ನಾವು ಕೇಳಲು ಹೋದ ದಿನವೂ ಅಕ್ಕ ಒಳಗೇ ಇದ್ದಳು. ಅಪ್ಪ ಸಾಬವ್ವ ಅಂದ. ನಾನು ಒಂದೇ ಒಂದು ಸಲ—