ಗಾಡಿಯ ಮೂಗು

ಮಾರ್ಚ್ 3, ಸೋಮವಾರ

ಎರಡು ಸೀಟಿನ ಕವರ್ ಮುಗಿಯಿತು. ಇನ್ನೂ ನಾಲ್ಕಿವೆ. ಅಂಗಡಿಯ ಹೊಲಿಗೆ ಒಂದು ಕಡೆ, ಇವರ ಡಬ್ಬಿ ಇನ್ನೊಂದು ಕಡೆ. ಡಬ್ಬಿ ಅಂದರೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಟ್ರೇಲರ್. ಒಳಗೆ ಎರಡು ಮಂಚ, ಒಂದು ಗ್ಯಾಸ್ ಒಲೆ, ನಿಂತರೆ ತಲೆಗೆ ಬಡಿಯುವ ಸೂರು. ಇವರ ಗೆಳೆಯ ಸುಮ್ಮನೆ ಕೊಟ್ಟನಂತೆ. ಯಾಕೆ ಕೊಟ್ಟ ಅನ್ನುವುದು ಒಳಗೆ ಕಾಲಿಟ್ಟಾಗ ಗೊತ್ತಾಯಿತು.

ಗುಬ್ಬಿಗೆ ಆಸ್ಪತ್ರೆಯಲ್ಲೇ ಮಾತು ಕೊಟ್ಟುಬಿಟ್ಟಿದ್ದಾರೆ. "ಉಬ್ಬಸ ಕಡಿಮೆಯಾಗ್ಲಿ ಮಗಳೇ, ಕೆರೆ ಹತ್ರ ಹೋಗಿ ಡಬ್ಬೀಲೇ ಮಲಗೋಣ." ಥಂಡಿ ತಾಗಿಸಬೇಡಿ ಅಂದಿದ್ದಾರೆ ಡಾಕ್ಟರು. ಅಪ್ಪನಿಗೆ ಕೆರೆಯೇ ಬೇಕು! ಆ ಮೂರು ದಿನ ಅವಳ ಎದೆ ಗೊರಗೊರ ಅಂದದ್ದು ಇನ್ನೂ ನನ್ನ ಕಿವಿಯಲ್ಲಿದೆ. ಹೆದರಿಕೆ ನನಗೊಬ್ಬಳಿಗೇ ಇರುವುದು, ಈ ಮನೆಯಲ್ಲಿ.

ಮಾರ್ಚ್ 5

ಪರದೆಗಳಿಗೆ ವೆಲ್ಕ್ರೋ ಹೊಲಿದೆ. ಕಪಾಟಿನ ಬಾಗಿಲಿಗೆ ಹೊಸ ಶೀಟ್ ಅಂಟಿಸಿದೆ. ಕಿಟಕಿಯ ಸಂದಿಗೆಲ್ಲ ರಬ್ಬರ್ ಪಟ್ಟಿ.

ಒಲೆಯ ಕೆಳಗಿನ ಕಪಾಟು ಒರೆಸಲು ಹೋದರೆ ನೆಲದಲ್ಲೊಂದು ತೂತು. ಹೆಬ್ಬೆರಳು ಹೋಗುವಷ್ಟು! ಕೈ ಇಟ್ಟರೆ ಸುಯ್ಯೆಂದು ಗಾಳಿ. ಯಾವ ಪುಣ್ಯಾತ್ಮ ಕೊರೆದನೋ. ಗುಬ್ಬಿ ಅಲ್ಲೇ ಕುಕ್ಕರಗಾಲಲ್ಲಿ ಕೂತು ನನ್ನ ಬಟನ್‌ಗಳನ್ನು ಒಂದೊಂದೇ ಅದರೊಳಗೆ ಬೀಳಿಸುತ್ತಿದ್ದಳು.

"ಇದು ಗಾಡೀದು ಮೂಗು ಅಮ್ಮ. ಉಸಿರು ಬಿಡ್ತಾ ಇದೆ ನೋಡು."

ಗಾಳಿ ನೇರ ಅವಳ ಮುಖಕ್ಕೇ ಬಡಿಯುತ್ತಿತ್ತು. ರಟ್ಟೆ ಹಿಡಿದು ಎಬ್ಬಿಸಿದೆ.

ಮಾರ್ಚ್ 8

ತೂತು ಮುಚ್ಚಿದೆ. ಫೋಮ್ ತುರುಕಿ, ಮೇಲೆ ರೆಕ್ಸಿನ್ ತುಂಡು, ಸುತ್ತ ಗೋಂದು. ಇಪ್ಪತ್ತು ವರ್ಷದಲ್ಲಿ ನಾನು ಮುಚ್ಚಿದ್ದು ಒಂದೂ ಬಿಚ್ಚಿಕೊಂಡಿಲ್ಲ.

"ಪಾಪ, ಗಾಡಿಗೂ ಮೂಗು ಕಟ್ತು. ಅಪ್ಪನ ಥರ" ಅಂತ ಗುಬ್ಬಿ ಮುಖ ಊದಿಸಿಕೊಂಡಳು. ಇವರಿಗೆ ನೆಗಡಿ. ಬೆಳಿಗ್ಗೆ ಹಾಲು ಸೀದು ಮನೆಯೆಲ್ಲ ವಾಸನೆ, ಒಲೆ ಪಕ್ಕದಲ್ಲೇ ಕೂತವರಿಗೆ ಗೊತ್ತೇ ಆಗಲಿಲ್ಲ. ನಕ್ಕೆವು.

ಆ ರೆಕ್ಸಿನ್ ಮುಟ್ಟಿದರೆ ಕೈ ಮುರೀತೀನಿ ಅಂದೆ ಗುಬ್ಬಿಗೆ. ಹಾಗನ್ನಬಾರದಿತ್ತು...

ಮಾರ್ಚ್ 14, ಸಂಜೆ

ನಾಳೆ ಹೊರಡುತ್ತಾರೆ. ನಾನು ಹೋಗುವಂತಿಲ್ಲ — ಸೋಮವಾರಕ್ಕೆ ಸ್ಕೂಲ್ ಡ್ರೆಸ್ ಕೊಡಬೇಕು. ಸ್ವೆಟರ್, ಇನ್ಹೇಲರ್ ಎರಡು, ಕಾಲುಚೀಲ ಇಟ್ಟೆ. ಒಲೆಯ ಪೈಪು ಹಳೆಯದು, ಬದಲಾಯಿಸಿ ಅಂದೆ.

"ಬಂದ್ಮೇಲೆ ನೋಡೋಣ ಕಣೇ. ಒಂದೆರಡು ಸಲ ಟೀ ಕಾಯಿಸೋದು ತಾನೆ?"

ಇವರ ನೆಗಡಿ ಇನ್ನೂ ಹೋಗಿಲ್ಲ. ನನ್ನ ಸಣ್ಣ ಕತ್ತರಿ ಕಾಣುತ್ತಿಲ್ಲ. ಮೂರು ಸಲ ಡ್ರಾಯರ್ ಸುರಿದು ಹುಡುಕಿದೆ. ನನ್ನ ಕತ್ತರಿಗೆ ಯಾರೂ ಕೈ ಹಾಕುವಂತಿಲ್ಲ, ಎಲ್ಲರಿಗೂ ಗೊತ್ತು.

ಮಾರ್ಚ್ 15, ಬೆಳಿಗ್ಗೆ 8.20

ಹೋದರು. ಗುಬ್ಬಿ ಹಿಂದಿನ ಗಾಜಿನಿಂದ ಕೈ ಬೀಸಿದಳು. ಮೆಷಿನ್ ತುಳಿಯುತ್ತಾ ಕೂರುವುದೇ ಸರಿ.

ಮಧ್ಯಾಹ್ನ 12.35

ಬರೆಯದೇ ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ.

ಸಿಲಿಂಡರ್ ತರುವ ಅಣ್ಣ ಬಂದಿದ್ದ. ಡಬ್ಬಿ ಎಲ್ಲಕ್ಕಾ ಅಂದ. ನಾನೂ ಬೀಗಿದೆ — ಕವರ್, ಪರದೆ, ತೂತು ಮುಚ್ಚಿದ್ದು, ಎಲ್ಲ ಹೇಳಿದೆ. ಹೆಗಲ ಮೇಲಿದ್ದ ಸಿಲಿಂಡರನ್ನು ದಡಕ್ಕನೆ ಕೆಳಗಿಳಿಸಿದ.

"ಅಯ್ಯೋ, ಅದನ್ಯಾಕೆ ಮುಚ್ಚಿದ್ರಿ ಅಕ್ಕಾ? ಗ್ಯಾಸ್ ಸೋರಿದ್ರೆ ನೆಲಕ್ಕೆ ಇಳಿಯುತ್ತೆ, ನೀರಿನ ಥರ. ಆಚೆ ಹೋಗ್ಲಿ ಅಂತಾನೇ ಆ ತೂತು ಬಿಟ್ಟಿರೋದು. ಈಗ ಒಳಗೇ ತುಂಬ್ಕೊಳ್ಳುತ್ತೆ. ಒಲೆ ಹಚ್ಚೋಕೆ ಕಡ್ಡಿ ಗೀರಿದ್ರೆ..."

ಪೈಪು ಹಳೆಯದು ಅಂದೆ. "ವಾಸನೆ ಬರುತ್ತೆ ಬಿಡಿ, ಯಜಮಾನ್ರಿಗೆ ಗೊತ್ತಾಗುತ್ತೆ" ಅಂದ.

ಇವರ ಮೂಗು!

ಫೋನ್ ತೆಗೆದೆ. 11.52ಕ್ಕೇ ಇವರ ಮೆಸೇಜ್ ಬಂದಿದೆ. ಮೆಷಿನ್ ಸದ್ದಿನಲ್ಲಿ ಕೇಳಿಸಿಲ್ಲ. 'ತಲುಪಿದ್ವಿ. ಹೊರಗೆ ಸಿಕ್ಕಾಪಟ್ಟೆ ಗಾಳಿ, ಒಳಗೆ ಒಂಚೂರೂ ಇಲ್ಲ. ನಿನ್ನ ಕೈ ಚಿನ್ನ ಕಣೇ. ಬಾಗಿಲು ಹಾಕ್ಕೊಂಡು ಒಂದು ನಿದ್ದೆ ಮಾಡ್ತೀನಿ, ಎದ್ದು ಟೀ.'

ಒಂಬತ್ತು ಸಲ ಮಾಡಿದೆ. ನಾಟ್ ರೀಚಬಲ್. ಮೆಸೇಜ್ ಹಾಕಿದೆ, ಹೋಗುತ್ತಿಲ್ಲ. ಅಣ್ಣ ವ್ಯಾನ್ ತರಲು ಓಡಿದ್ದಾನೆ. ಮೂರು ಗಂಟೆಯ ದಾರಿ. ಅಷ್ಟರಲ್ಲಿ ಇವರು ಎದ್ದರೆ? ಗುಬ್ಬಿಗೆ ವಾಸನೆ ಬಂದರೂ ಅದು ಗ್ಯಾಸ್ ಅಂತ ಗೊತ್ತಾಗುತ್ತದೆಯೇ? ಅವಳಿಗೆ ಥಂಡಿ ಆಗದಿರಲಿ ಅಂತ ತಾನೇ ನಾನು... ನನ್ನ ಕೈಯಾರೆ.

ಬಿಚ್ಚಿಕೊಳ್ಳಲಿ ದೇವರೇ. ನಾನು ಅಂಟಿಸಿದ್ದು ಇದೊಂದು ಸಲ ಬಿಚ್ಚಿಕೊಳ್ಳಲಿ.

12.50

ವ್ಯಾನ್ ಬಂತು. ಹೊರಡಬೇಕು. ಚಪ್ಪಲಿ ಹಾಕುತ್ತಲೇ ಇನ್ನೊಂದು ಸಲ ಮಾಡಿದೆ. ರಿಂಗಾಯಿತು. ಎತ್ತಿದಳು, ಗುಬ್ಬಿ. ಒಲೆ ಹಚ್ಚಬೇಡಿ ಅಂತ ಕಿರುಚಿದೆ. ನನ್ನ ದನಿ ಕೇಳಿ ಹೆದರಿದಳು. ಅಳು.

"ಅಮ್ಮಾ, ಬೈಬೇಡ. ನಿನ್ನ ಸಣ್ಣ ಕತ್ತರಿ ನನ್ನ ಹತ್ರಾನೇ ಇದೆ. ಗಾಡಿಗೆ ಮೂಗು ಕಟ್ಟಿತ್ತಲ್ಲ, ಪಾಪ ಅನ್ನಿಸ್ತು. ನಿನ್ನೇನೇ ಪೂರ್ತಿ ಕಿತ್ತುಬಿಟ್ಟೆ. ಅಪ್ಪಂಗೆ ಗೊತ್ತಾಗ್ದಿರ್ಲಿ ಅಂತ ಕಪಾಟಿನ ಬಾಗಿಲು ಹಾಕಿಟ್ಟೆ. ಕೈ ಮುರೀಬೇಡ ಅಮ್ಮಾ..."

ಬೈಯಲಿಲ್ಲ. ಅಪ್ಪನ್ನ ಎಬ್ಬಿಸು, ಬಾಗಿಲು ತೆಗಿ ಅಂದೆ. ಕತ್ತರಿ ನೀನೇ ಇಟ್ಕೋ ಅಂದೆ.