ನಿನ್ನ ಕಣ್ಣಿನ ಬೇನೆ ಹಳೆಯದಲ್ಲ

ಸಾಂಗ್ಲಿ
೯ ಡಿಸೆಂಬರ್ ೧೯೩೮

ಸೌಭಾಗ್ಯವತಿ ಅನುಸೂಯಾಳಿಗೆ ಮಹಾಲಿಂಗಪ್ಪನ ಶುಭಾಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ, ನಾನಂತೂ ಕ್ಷೇಮವಾಗಿಲ್ಲ. ನೀನು ತೇರದಾಳದ ತವರಿಗೆ ಹೋಗಿ ಎರಡು ತಿಂಗಳಾದವು. ಒಂದು ಕಾರ್ಡೂ ಹಾಕದ ಗಂಡನ ಮೇಲೆ ಸಿಟ್ಟು ಮಾಡು, ಪತ್ರ ಮಾತ್ರ ಹರಿಯಬೇಡ. ಕಣ್ಣಿಗೆ ತ್ರಾಸಾಗಬಾರದೆಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಅಣ್ಣನಿಂದ ಓದಿಸಬೇಡ, ನಾಚಿಕೆಯ ಮಾತಿದೆ.

ಚಳಿಜ್ವರ ಬಂದು ನನ್ನ ತುಟಿಯ ಮೇಲೆ ಮತ್ತೆ ನೀರುಗುಳ್ಳೆ ಎದ್ದವು, ಪ್ರತಿ ವರ್ಷ ಏಳುವಂಥವೇ. ಮಿರಜದಲ್ಲಿ ನಿನ್ನ ಕಣ್ಣು ನೋಡಿದ ಡಾಕ್ಟರರ ಹತ್ತಿರವೇ ಹೋದೆ. ನಿನ್ನೆ ಎಲ್ಲ ತಿಳಿಯಿತು.

"ನಿಮ್ಮ ತುಟಿದು ಮರಳಿ ಮರಳಿ ಬರೂದು," ಎಂದರು. "ನಿಮ್ಮ ಮನಿಯವರ ಕಣ್ಣಿಂದು ಮೊದಲನೇದು. ಮೊದಲ ಸಲ ಬಂದಾಗ ಜ್ವರ, ರೆಪ್ಪಿ ಮ್ಯಾಲ ಗುಳ್ಳಿ, ಕಿವಿ ಮುಂದ ಗಂಟು, ಎಲ್ಲಾ ಕೂಡೇ ಬರತಾವ. ಹಳೇದಾಗಿದ್ರ ಕರೀಗುಡ್ಡಿಗೆ ಹತ್ತೀ ಎಳಿ ಮುಟ್ಟಿಸಿದ್ರೂ ಬಹಳ ಮಂದಿಗೆ ಅಷ್ಟ ತಿಳಿಯೂದಿಲ್ಲ. ನಾ ಮುಟ್ಟಿಸಿದಾಗ ಅವರು ಚಿಟ್ಟನ ಚೀರಿದ್ರಲ್ಲರಿ! ಎರಡೂ ಒಂದ ಬೇನಿ. ತುಟಿಯಿಂದ ಕಣ್ಣಿಗೆ ಹೋಗೇದ."

ದಸರೆಯ ಹೊತ್ತಿಗೆ ಅಡುಗೆಮನೆಯಲ್ಲಿ "ಬಿಡ್ರಿ, ಅತ್ತಿ ಬರ್ತಾರ" ಎಂದು ನೀನು ಮುಖ ತಿರುವಿದೆ. ಗುಳ್ಳೆಯೆದ್ದ ತುಟಿಯ ನನ್ನ ಮುತ್ತು ರೆಪ್ಪೆಯ ಮೇಲೆ ಬಿತ್ತು. ನೆನಪಿದೆಯೇ?

"ಹಳೇ ರೋಗ ಮುಚ್ಚಿಟ್ಟು ನಮ್ಮ ಕಣ್ಣಿಗೆ ಮಣ್ಣ ಎರಚ್ಯಾರ" ಎಂದು ನಿನ್ನನ್ನು ತವರಿಗಟ್ಟಿದ ಅವ್ವನಿಗೆ ನಿನ್ನೆ ತುಟಿ ತೋರಿಸಿ, ನಾಚಿಕೆ ಬಿಟ್ಟು ಹೇಳಿದೆ. ಅವಳು, "ಕರ್ಕೊಂಡ ಬಾ. ನಾ ಯಾವಾಗ ಬ್ಯಾಡ ಅಂದೇನಿ?" ಎಂದಳು! ನೀನಿದ್ದಿದ್ದರೆ ನಕ್ಕುಬಿಡುತ್ತಿದ್ದೆ.

ಇನ್ನು ಮುಂದೆ ಜ್ವರ ಬಂದಾಗ ನಿನ್ನ ಕಣ್ಣಿಗೂ ಇದು ಮರಳಬಹುದಂತೆ. ಕೆಂಪಾದರೆ ತಡಮಾಡಬಾರದು.

ನೀನಿಲ್ಲದೆ ಉಂಡದ್ದು ಮೈಗೆ ಹತ್ತುವುದಿಲ್ಲ, ಅನುಸೂಯಾ. ಅಂಗಡಿಯಲ್ಲಿ ಗಿರಾಕಿ ಅರಿಸಿನ ಕೇಳಿದರೆ ಮೆಣಸಿನಕಾಯಿ ತೂಗುತ್ತೇನೆ. ಸಂಜೆ ಕೃಷ್ಣೆಯ ದಂಡೆಗೆ ಹೋಗಿ ಕುಳಿತರೂ ನಿನ್ನದೇ ಧ್ಯಾನ. ನಿನ್ನನ್ನು ನೋಡಬೇಕು. ಅಮಾವಾಸ್ಯೆ ಕಳೆದ ಸೋಮವಾರ ಕರೆಯಲು ಬರುತ್ತೇನೆ. ಬೇಡವಾದರೆ ಕಾರ್ಡು ಹಾಕು.

ಬಸವಣ್ಣ ನಿನ್ನ ಕಣ್ಣು ಕಾಯಲಿ.

ನಿನ್ನವ,
ಮಹಾಲಿಂಗಪ್ಪ

ತಾ. ಕ.: ನಿನ್ನೆ ತಿಳಿಯಿತೆಂದು ಬರೆದೆನಲ್ಲ, ಅದು ಸುಳ್ಳು. ನಿನ್ನ ಕಣ್ಣು ತೋರಿಸಿದ ದಿನವೇ ಡಾಕ್ಟರರು, "ಇದು ಮೊದಲನೇದ ಕಾಣ್ತದ. ಮನ್ಯಾಗ ಯಾರಿಗರೆ ತುಟಿ ಮ್ಯಾಲ ಗುಳ್ಳಿ ಎದ್ದಾವೇನ್ರಿ?" ಎಂದು ಕೇಳಿದ್ದರು. ಅವ್ವ ಹೊರಗೆ ಬಾಕಿನ ಮೇಲೆ, ಮಾತು ಕೇಳಿಸುವಷ್ಟು ಹತ್ತಿರ ಕುಳಿತಿದ್ದಳು. ನಾನು ಶಲ್ಯದಿಂದ ಬಾಯಿ ಮುಚ್ಚಿಕೊಂಡು, "ಇಲ್ರಿ, ಅಕಿ ತವರಿಂದನ ತಂದದ್ದು" ಎಂದೆ. ನೀನು ಪಟ್ಟಿ ಕಟ್ಟದ ಕಣ್ಣಿನಿಂದ ನನ್ನನ್ನು ನೋಡಿದೆ. ನಿನಗೆ ಗೊತ್ತಿತ್ತು. ಆದರೂ ಅವ್ವನೆದುರು ನನ್ನ ಮಾನ ಕಾಯ್ದು, ತವರಿನ ಹೆಸರು ಕೆಡಿಸಿಕೊಂಡು ಟಾಂಗಾ ಹತ್ತಿದೆ.