ಪೈಲ್ವಾನನಿಗೆ ಗುರುತಿರುವ ಮುಖ

ನವೆಂಬರ್ 2, ಭಾನುವಾರ

ನೀರು ಬದಲಾಯಿಸಿದೆ. ಎಪ್ಪತ್ತೈದು ಗ್ಯಾಲನ್ ಮೀನಿನ ಟ್ಯಾಂಕು, ಅದರಲ್ಲಿ ಕಾಲು ಭಾಗ. ಬಾತ್‌ರೂಮಿನಿಂದ ಹಾಲ್‌ಗೆ ಬಕೆಟ್, ಹಾಲ್‌ನಿಂದ ಬಾತ್‌ರೂಮಿಗೆ ಬಕೆಟ್. ಸೊಂಟ ಬಿದ್ದುಹೋಯಿತು. ಮನೆಯಲ್ಲಿ ನಮಗೆ ಅರವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ಮೀನಿಗೆ ಎಂಬತ್ತು! ಆಮೇಲೆ ಇಕ್ಕಳದಲ್ಲಿ ಸೀಗಡಿ ಹಿಡಿದು ಹಾಕಬೇಕು. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ಕೈ ಇದು.

ವೀರೇಶನ ಮೀನು. ವೀರೇಶ — ನನ್ನ ಗಂಡ, ಕಾಗದದ ಮೇಲೆ ಇನ್ನೂ. ಆಗಸ್ಟ್‌ನಲ್ಲಿ ಹೋದ. ಕ್ಯಾಂಟನ್‌ನಲ್ಲಿ ಹೊಸ ಕೆಲಸ, ಕಾರಿನಲ್ಲಿ ನಾಲ್ಕು ಗಂಟೆಯ ದಾರಿ ಅಂದ. ಕ್ಯಾಂಟನ್‌ನಲ್ಲಿ ಲೀನಾ ಇದ್ದಾಳೆ ಅನ್ನಲಿಲ್ಲ. ಕಾಫಿ ಮಷೀನ್ ತಗೊಂಡು ಹೋದ. ಒಳ್ಳೆ ಸೂಟ್‌ಕೇಸ್ ತಗೊಂಡು ಹೋದ. ಮಗಳು ಚೇತನಾಳನ್ನೂ ಈ ರಾಕ್ಷಸನನ್ನೂ ಬಿಟ್ಟುಹೋದ. ರೆಡ್ ಡೆವಿಲ್ ಅಂತ ಜಾತಿ. ಒಂದಡಿ ಉದ್ದ, ಕಿತ್ತಳೆ ಬಣ್ಣ, ಹಣೆಯ ಮೇಲೆ ದೊಡ್ಡ ಗುಬುಟು. ಜೊತೆಗೆ ಬಿಟ್ಟ ಮೀನನ್ನೆಲ್ಲ ಕೊಂದು ಒಬ್ಬನೇ ಆಳುತ್ತಿದ್ದಾನೆ. ಪೈಲ್ವಾನ್ ಅಂತ ಹೆಸರಿಟ್ಟಿದ್ದೂ ವೀರೇಶನೇ.

ನಾಲ್ಕಕ್ಕೆ ವೀರೇಶನ ವಿಡಿಯೊ ಕಾಲ್. ಮೊದಲ ಮಾತು — "ಪೈಲ್ವಾನ್ ಉಂಡನೇನು?" ಆಮೇಲೆ ಚೇತನಾ. ನನ್ನ ಹೆಸರು ಬರಲೇ ಇಲ್ಲ.

ಬಾಗಲಕೋಟೆಯಲ್ಲಿ ಅವನಮ್ಮನಿಗೆ ಹೇಳಿದ್ದಾನಂತೆ, ನಾನೇ ಅವನನ್ನು ಮನೆಯಿಂದ ಹೊರಗೆ ಹಾಕಿದೆ ಅಂತ. ಇದನ್ನು ಬರೆದಿಡುತ್ತಿದ್ದೇನೆ. ಸಿಟ್ಟು ಆರಬಾರದು.

ನವೆಂಬರ್ 8, ಶನಿವಾರ, ಬೆಳಗ್ಗೆ 9

ಎದ್ದಿದ್ದು ತಡ. ತಲೆಗೆ ನೀರು ಹಾಕಿಕೊಂಡು ಸೀದಾ ಟ್ಯಾಂಕ್ ಹತ್ತಿರ ಹೋದೆ. ವಿಭೂತಿ ಹಚ್ಚಿರಲಿಲ್ಲ. ಪೈಲ್ವಾನ್ ಕಿವಿರು ಅಗಲಿಸಿಕೊಂಡು ಬಂದು ಗಾಜಿಗೆ ಗುದ್ದಿದ. ದಿನಾ ಊಟ ಹಾಕುವ ನನಗೆ! ಒಳಗೆ ಹೋಗಿ ವಿಭೂತಿ ಹಚ್ಚಿ ಬಂದೆ. ಬಾಲ ಅಲ್ಲಾಡಿಸುತ್ತಾ ಮೇಲೆ ಬಂದ. ಒರೆಸಿದೆ — ಗುದ್ದಿದ. ಹಚ್ಚಿದೆ — ಬಂದ. ಮೂರು ಸಲ. ಶಿವ ಕ್ಷಮಿಸಲಿ.

ಚೇತನಾ ಸೋಫಾ ಮೇಲೆ ಬಿದ್ದು ಬಿದ್ದು ನಕ್ಕಳು. "ಅಮ್ಮಾ, ಹೀ ನೋಸ್ ಯುವರ್ ಫೇಸ್!" ಒಂಬತ್ತು ವರ್ಷ. ನಕ್ಕರೆ ಥೇಟ್ ಅವನು. ಎಲ್ಲರೂ ಅನ್ನುತ್ತಾರೆ, ಅಪ್ಪನ ಪಡಿಯಚ್ಚು ಅಂತ.

ನವೆಂಬರ್ 9, ಭಾನುವಾರ

ಎರಡು ಗಂಟೆ ಫೋನಿನಲ್ಲಿ ಓದಿದೆ. ಈ ಮೀನುಗಳು ಮುಖ ನೆನಪಿಡುತ್ತವಂತೆ. ಕಾಟ ಕೊಟ್ಟವರನ್ನು ತಿಂಗಳಾದರೂ ಮರೆಯುವುದಿಲ್ಲ ಅಂತ ಸಾಕಿದವರು ಬರೆದಿದ್ದಾರೆ.

ಆಗಸ್ಟ್‌ನಿಂದ ಇವತ್ತೇ ಮೊದಲ ಸಲ ಹೊಟ್ಟೆತುಂಬಾ ನಗು ಬಂತು.

ನವೆಂಬರ್ 13, ಗುರುವಾರ

ವರ್ಕ್ ಫ್ರಂ ಹೋಂ. ಚೇತನಾ ಸ್ಕೂಲಿಗೆ. ವೀರೇಶನ ಫೋಟೊ ದೊಡ್ಡದಾಗಿ ಪ್ರಿಂಟ್ ಮಾಡಿಸಿಕೊಂಡು ಬಂದಿದ್ದೆ — ನೇರ ನೋಡುತ್ತಿರುವುದು, ಆ ದಪ್ಪ ಕಪ್ಪು ಫ್ರೇಮಿನ ಕನ್ನಡಕ ಹಾಕಿಕೊಂಡು. ಮುಖ ಕತ್ತರಿಸಿ ರಟ್ಟಿಗೆ ಅಂಟಿಸಿದೆ. ಗಾಜಿಗೆ ಹಿಡಿದೆ. ಇನ್ನೊಂದು ಕೈಯಲ್ಲಿ ಮೀನು ಹಿಡಿಯುವ ನೆಟ್ಟಿನ ಕೋಲು. ನೀರು ಕಲಕಿದೆ, ಅಟ್ಟಾಡಿಸಿದೆ, ಮೂಲೆಗೆ ಒತ್ತಿದೆ. ಐದು ನಿಮಿಷ. ಮುಖ ಕೆಳಗಿಟ್ಟೆ. ಕಾದೆ. ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಸೀಗಡಿ ಹಾಕಿದೆ.

ಮಂಗಳವಾರ, ಗುರುವಾರ. ಇನ್ನು ಇದೇ ಟೈಂಟೇಬಲ್.

ನವೆಂಬರ್ 30, ಭಾನುವಾರ

ಕಾಲ್‌ನಲ್ಲಿ "ಪೈಲ್ವಾನ್ನ ತೋರಸು" ಅಂದ. ಫೋನನ್ನು ಟ್ಯಾಂಕಿಗೆ ಹಿಡಿದೆ. ಪೈಲ್ವಾನ್ ನೋಡಿದ. ಬಣ್ಣ ಕಪ್ಪಾಯಿತು. ಧಡ್ ಅಂತ ಗುದ್ದಿದ. ಮತ್ತೆ ಗುದ್ದಿದ. ಟ್ಯಾಂಕಿನ ಮುಚ್ಚಳ ಹಾರಿತು.

"ನೋಡ್ ನೋಡ್, ಹೆಂಗ ಕುಣ್ಯಾಕತ್ತಾನ! ನನ್ನ ಗುರ್ತ ಹಿಡದಾನ!" ಕಣ್ಣಲ್ಲಿ ನೀರು ಬೇರೆ ಅವನಿಗೆ. "ಎಷ್ಟ್ ಪ್ರೀತಿ ನೋಡ್ ಇದಕ್ಕ."

ಹೂಂ, ಬಹಳ ಪ್ರೀತಿ ಅಂದೆ. ತುಟಿ ಕಚ್ಚಿಕೊಂಡಿದ್ದು ಕಾಣಿಸಲಿಲ್ಲ ಅವನಿಗೆ.

ಡಿಸೆಂಬರ್ 13, ಶನಿವಾರ

ಅತ್ತೆ ಶಾಂತವ್ವ ಫೋನ್ ಮಾಡಿದ್ದರು. ನಾಲ್ಕು ತಿಂಗಳ ಮೇಲೆ. "ಯಾಕವ್ವಾ, ನನ್ನ ಮಗನ್ನ ಅಂಥಾ ಥಂಡ್ಯಾಗ ಹೊರಗ ಹಾಕಿದಿ? ನಿನಗ ಏನ್ ಕಡಿಮಿ ಮಾಡಿದ್ದ ಅವ?" ಆಗಸ್ಟ್‌ನಲ್ಲಿ ಎಲ್ಲಿಯ ಥಂಡಿ! ಸುಳ್ಳು ದಿನದಿನಕ್ಕೂ ಬೆಳೆಯುತ್ತಿದೆ. ನಾನು ಬಾಯಿ ಬಿಡುವ ಮೊದಲೇ ಇಟ್ಟುಬಿಟ್ಟರು.

ಚೇತನಾ ಸ್ವಿಮ್ಮಿಂಗ್ ಕ್ಲಾಸಿಗೆ ಹೋದ ಮೇಲೆ ಆ ರಟ್ಟಿನ ಮುಖ ಹೊರಗೆ ತೆಗೆದೆ. ಶನಿವಾರ ಟೈಂಟೇಬಲ್‌ನಲ್ಲಿ ಇಲ್ಲ. ಇರಲಿ. ಇವತ್ತು ಇಪ್ಪತ್ತು ನಿಮಿಷ.

ಜನವರಿ 11, ಭಾನುವಾರ

ವೀರೇಶ ಪೈಲ್ವಾನನ್ನು ಒಯ್ಯಲು ಬರುತ್ತಾನಂತೆ! ಕ್ಯಾಂಟನ್ ಮನೆಯ ಬೇಸ್‌ಮೆಂಟಿನಲ್ಲಿ ದೊಡ್ಡ ಟ್ಯಾಂಕ್ ಹಾಕಿಸಿದ್ದಾನಂತೆ. ಮೂವತ್ತೊಂದು, ಶನಿವಾರ. "ಲೀನಾನೂ ಬರ್ತಾಳ. ನೀ ಏನೂ ತಯಾರಿ ಮಾಡಬ್ಯಾಡ. ನೆಟ್ ಗಿಟ್ ಬ್ಯಾಡ, ಕೈಯಾಗ ಹಿಡೀತೀನಿ. ನನ್ನ ಕೈಗೆ ಕೂಸಿನಂಗ ಬರ್ತಾನ ಅವ."

ಮೊದಲು ಗೆಸ್ಟ್‌ಗಳು ಬಂದರೆ ಇದೇ ನಾಟಕ. ತೋಳು ಮಡಚಿ ಕೈ ಹಾಕುವುದು, ಎಲ್ಲರೂ ವಾವ್ ಅನ್ನುವುದು. ಈ ಸಲ ಲೀನಾ ವಾವ್ ಅನ್ನಲಿ. ಅವಳ ಎದುರಿಗೇ ಹರಿಯಲಿ ರಕ್ತ. ಮನೆಯಲ್ಲಿದ್ದ ಬ್ಯಾಂಡ್‌ಏಡ್ ಡಬ್ಬ ಎತ್ತಿ ಬಚ್ಚಿಟ್ಟೆ. ಟಿಶ್ಯೂ ಕೊಡುತ್ತೇನೆ, ಬೇಕಾದರೆ.

ಜನವರಿ 24, ಶನಿವಾರ

ಚೇತನಾಗೆ ಬೋರ್ಡ್ ಕಾಣುವುದಿಲ್ಲ ಅಂತ ಟೀಚರ್ ಬರೆದಿದ್ದರು. ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದೆ. ಗುಲಾಬಿ, ನೀಲಿ, ಮಿನುಗು — ಯಾವುದೂ ಬೇಡ. ಸೀದಾ ದೊಡ್ಡವರ ಕಡೆ ಹೋಗಿ ದಪ್ಪ ಕಪ್ಪು ಫ್ರೇಮ್ ಎತ್ತಿಕೊಂಡಳು. "ದಿಸ್ ಒನ್. ಲೈಕ್ ಅಪ್ಪಾಸ್."

ಹೊಟ್ಟೆ ಉರಿದುಹೋಯಿತು. ಬಕೆಟ್ ಹೊರುವವಳು ನಾನು, ಸ್ವಿಮ್ಮಿಂಗಿಗೆ ಓಡಿಸುವವಳು ನಾನು. ಮುಖಕ್ಕೆ ಬೇಕಾಗಿದ್ದು ಅಪ್ಪನ ಕನ್ನಡಕ! ಮಗುವಿನ ಮೇಲೆ ಏನು ಸಿಟ್ಟು ಮಾಡುವುದು. ಆರ್ಡರ್ ಮಾಡಿದೆ. ಗುರುವಾರ ಬರುತ್ತದೆ.

ಜನವರಿ 29, ಗುರುವಾರ, ಸಂಜೆ 7

ಅರ್ಜೆಂಟ್ ಕೇರ್‌ನಿಂದ — ಹತ್ತಿರದ ಕ್ಲಿನಿಕ್ಕಿನಿಂದ — ಈಗ ಬಂದೆವು. ಚೇತನಾಗೆ ಎರಡು ಬೆರಳು, ಮೂರು ಹೊಲಿಗೆ.

ಪೈಲ್ವಾನನಿಗೆ ಸಂಜೆಯ ಊಟ ಹಾಕುವ ಕೆಲಸ ಅವಳದು, ಮೊದಲಿನಿಂದಲೂ. ಸ್ಟೂಲ್ ಹತ್ತಿ ಬೆರಳಲ್ಲಿ ಸೀಗಡಿ ಹಿಡಿಯುತ್ತಾಳೆ, ಪೈಲ್ವಾನ್ ಮೆತ್ತಗೆ ತಗೊಳ್ಳುತ್ತಾನೆ. ಇವತ್ತು ಹೊಸ ಕನ್ನಡಕ ಹಾಕಿಕೊಂಡು ಹತ್ತಿದಳು. ಅವನಿಗೆ ತೋರಿಸಬೇಕಂತೆ. ನಾನು ಅಡುಗೆಮನೆಯಲ್ಲಿ ಕುಕ್ಕರ್ ಇಡುತ್ತಿದ್ದೆ... ಕಿರುಚಿದ್ದು ಕೇಳಿಸಿತು.

ಆ ಕನ್ನಡಕದ ಯೋಚನೆಯೇ ಬರಲಿಲ್ಲ ನನಗೆ. ಐದು ದಿನ ಇತ್ತು. ಬರಲಿಲ್ಲ.

ಬ್ಯಾಂಡ್‌ಏಡ್ ಡಬ್ಬ ಎಲ್ಲಿ ಬಚ್ಚಿಟ್ಟೆ ಅಂತ ನೆನಪಾಗದೆ ಅಡುಗೆಮನೆಯ ಟವೆಲ್ ಸುತ್ತಿಕೊಂಡು ಓಡಿದೆ. ಹೊಲಿಗೆ ಹಾಕುವಾಗ ಅಳಲಿಲ್ಲ. ಕಾರಿನಲ್ಲಿ ಅತ್ತಳು. "ವೈ ಡಸ್ ಹೀ ಹೇಟ್ ಮಿ, ಅಮ್ಮಾ?"

ಅದಕ್ಕೆ ಹುಷಾರಿಲ್ಲ ಪುಟ್ಟಾ ಅಂದೆ.

ಜನವರಿ 30, ಶುಕ್ರವಾರ

ಬೆಳಗ್ಗೆ ಎದ್ದು ನೋಡಿದರೆ ಟ್ಯಾಂಕಿನ ಮುಂದೆ ನಿಂತಿದ್ದಾಳೆ. ಕನ್ನಡಕ ಹಾಕಿದಳು — ಗುದ್ದಿದ. ತೆಗೆದಳು — ಸುಮ್ಮನಾದ. ಮೂರು ಸಲ. ನನ್ನ ಮಗಳು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

"ಹೀ ಡಸಂಟ್ ಹೇಟ್ ಮಿ. ಹೀ ಹೇಟ್ಸ್ ಅಪ್ಪಾ." ತಿರುಗಿ ನನ್ನ ಮುಖ ನೋಡಿದಳು. "ಡಿಡ್ ಅಪ್ಪಾ ಹರ್ಟ್ ಹಿಮ್?"

ಇಷ್ಟು ದೊಡ್ಡದು ಕೈಗೆ ಸಿಗುತ್ತದೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ. ಬೆರಳು ಕಚ್ಚಿಸುವುದು ಏನು ಮಹಾ. ಅವನು ಅತ್ತೆಗೆ ಸುಳ್ಳು ಹೇಳಿ ಅವರನ್ನು ನನ್ನಿಂದ ಕಿತ್ತುಕೊಂಡ. ನಾನು ಒಂದು ಅಕ್ಷರದಲ್ಲಿ ಮಗಳನ್ನೇ ಅವನಿಂದ ಕಿತ್ತುಕೊಳ್ಳಬಹುದಿತ್ತು.

ಹೂಂ ಅಂದೆ.

ಕನ್ನಡಕ ಬಿಟ್ಟೇ ಸ್ಕೂಲಿಗೆ ಹೋದಳು.

ಜನವರಿ 31, ಶನಿವಾರ, ಬೆಳಗ್ಗೆ 10:40

ಗ್ಯಾರಿ ಊರು ದಾಟಿದೆ ಅಂತ ಅವನ ಮೆಸೇಜ್. ಇನ್ನು ಮುಕ್ಕಾಲು ಗಂಟೆ.

ಕನ್ನಡಕ ಕಸದ ಬುಟ್ಟಿಯಲ್ಲಿ ಸಿಕ್ಕಿತು. ಕಾಫಿ ಗಸಿಯ ಕೆಳಗೆ, ಟಿಶ್ಯೂನಲ್ಲಿ ಸುತ್ತಿ. ತೊಳೆದು ಒರೆಸಿಟ್ಟೆ.

11:25

ಕೆಳಗೆ ಕಾರು ಬಂತು. ಲೀನಾ ಇಳಿದಳು, ಕೆಂಪು ಉಣ್ಣೆ ಟೋಪಿ. ಅವನು ಡಿಕ್ಕಿಯಿಂದ ಮೀನು ಒಯ್ಯಲು ಕೂಲರ್ ಪೆಟ್ಟಿಗೆ ತೆಗೆಯುತ್ತಿದ್ದಾನೆ, ಏನೋ ಹೇಳಿ ನಗಿಸುತ್ತಿದ್ದಾನೆ ಅವಳನ್ನು. ಎರಡೂವರೆ ತಿಂಗಳು ಕಾದಿದ್ದೇನೆ ಇದಕ್ಕೆ. ಕಚ್ಚಲಿ. ಮೂಳೆಗೆ ತಾಕುವ ಹಾಗೆ ಕಚ್ಚಲಿ. ಅದರಲ್ಲಿ ನನ್ನ ಮನಸ್ಸು ಈಗಲೂ ಬದಲಾಗಿಲ್ಲ.

ಆದರೆ ಚೇತನಾ ಬಾತ್‌ರೂಮಿನಲ್ಲಿದ್ದಾಳೆ. ಈಗ ನೋಡಿ ಬಂದೆ. ಕನ್ನಡಿಯ ಮುಂದೆ ಸ್ಟೂಲ್ ಹಾಕಿಕೊಂಡು ನಿಂತಿದ್ದಾಳೆ. ಮುಖ ಕೆಂಪಗಾಗುವಷ್ಟು ಉಜ್ಜಿ ತೊಳೆದಿದ್ದಾಳೆ. ನನ್ನ ವಿಭೂತಿ ಗಟ್ಟಿ ತಗೊಂಡು ಹಣೆ ತುಂಬಾ ಬಳಿದುಕೊಂಡಿದ್ದಾಳೆ, ಹೊಲಿಗೆ ಹಾಕಿದ ಕೈಯಲ್ಲೇ. "ಅಮ್ಮಾ, ಡು ಐ ಸ್ಟಿಲ್ ಲುಕ್ ಲೈಕ್ ಹಿಮ್?"

ಕಾಣುತ್ತಾಳೆ. ಕಣ್ಣು, ಮೂಗು, ಗಲ್ಲದ ಗುಳಿ. ಎಷ್ಟು ಉಜ್ಜಿದರೂ ಹೋಗುವಂಥದ್ದಲ್ಲ.

ಅಲಮಾರಿ ಹಿಂದಿನಿಂದ ರಟ್ಟಿನ ಮುಖ ತೆಗೆದು ಮೇಜಿನ ಮೇಲೆ ಇಟ್ಟಿದ್ದೇನೆ. ನೀರು ಕುಡಿದು ಉಬ್ಬಿದೆ. ಪಕ್ಕದಲ್ಲಿ ನೆಟ್ಟಿನ ಕೋಲು. ಅವಳನ್ನು ಕರೆದಿದ್ದೇನೆ. ಎದುರಿಗೆ ಬಂದರೆ ಮಾತು ತಪ್ಪುತ್ತದೆ, ಅದಕ್ಕೆ ಇಲ್ಲಿ ಬರೆದುಕೊಂಡು ಹೇಳುತ್ತೇನೆ. ಬಾಗಿಲು ತಟ್ಟುತ್ತಿದ್ದಾರೆ. ಇವಳ ಹೆಜ್ಜೆ ಸದ್ದೂ ಬಂತು... ಪುಟ್ಟಾ, ಅಪ್ಪ ಅದಕ್ಕೆ ಏನೂ ಮಾಡಿಲ್ಲ, ಈ ಕೋಲು ಹಿಡಿದವಳು —